ಎರಡು ತಗಡಿನ ದೋಣಿ

ದೋಣಿಯ ಮುಂದಿನ ಮೂತಿ ನನ್ನ ಶೆಡ್ಡಿನ ಹಿಂಗೋಡೆಗೆ ತಾಗಿದಾಗ ಹಿಂದಿನ ಮೂತಿ ಇನ್ನೂ ರಸ್ತೆಯಲ್ಲೇ ಇತ್ತು. ಹುಣಸೂರಿನ ಮರದ ಡಿಪೋಗಳ ಹಿಂಬದಿಯಲ್ಲಿ ನನ್ನ ಮರಗೆಲಸದ ಶೆಡ್ಡು. ಹಳೇ ಬಾಗಿಲು, ಕಂಬ, ತೊಟ್ಟಿಲು, ಪೆಟ್ಟಿಗೆ ಇಂಥವು ರಿಪೇರಿಗೆ ಬರುತ್ತವೆ. ದೋಣಿ ಬಂದದ್ದು ಅದೇ ಮೊದಲು. ಕ್ಯಾಂಟರಿನಿಂದ ಇಳಿಸಿಕೊಂಡ ಆಳುಗಳು ಅದನ್ನು ಹೊತ್ತುಕೊಂಡೇ ನನ್ನ ಮುಖ ನೋಡಿದರು. ಕೊನೆಗೆ ಮರ ನುಣುಪು ಮಾಡುವ ರಂದದ ಮಷೀನನ್ನು ಮೂಲೆಗೆ ಎಳೆದು, ದೋಣಿಯನ್ನು ಓರೆ ಮಾಡಿ ಒಳಗೆ ತಂದು, ದಿಮ್ಮಿಗಳ ಮೇಲೆ ಬೋರಲು ಮಲಗಿಸಿದೆವು. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದದ್ದರಿಂದ ಶೆಡ್ಡೆಲ್ಲ ಸಗಣಿ, ಡಾಂಬರಿನ ವಾಸನೆ.

ಜೊತೆಗೆ ಇಬ್ಬರು ಬಂದಿದ್ದರು. ಕೆಲಸ ಕೊಟ್ಟವರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ. ಪಟ್ಟಣದ ಹೊರಗೆ ಹೊಸ ಮನೆ ಕಟ್ಟಿಸುತ್ತಿದ್ದರು. ಇನ್ನೊಬ್ಬರು ಅವರ ತಂದೆ, ಎಂಬತ್ತರ ಹತ್ತಿರದ ರೈತರು. ಹಣೆ ತುಂಬ ವಿಭೂತಿ, ಇನ್ನೂ ಬಾಗದ ಬೆನ್ನು. ವ್ಯಾಪಾರಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಕಬಿನಿ ದಡದ ಯಾವುದೋ ರೆಸಾರ್ಟಿನ ಗೋಡೆಯ ಮೇಲೆ ಉದ್ದಕ್ಕೆ ಕೂರಿಸಿದ ದೋಣಿ. ಹೊಟ್ಟೆ ನೋಡುವವರ ಕಡೆಗೆ, ಹಿಂದಿನಿಂದ ಹಳದಿ ಬೆಳಕು. ತಮ್ಮ ಹೊಸ ಮನೆಯ ಹಾಲಿನಲ್ಲೂ ಇದು ಹೀಗೇ ಬರಬೇಕು ಎಂದರು. ರೆಸಾರ್ಟಿನವರದು ಎಲ್ಲಿಂದಲೋ ಕೊಂಡು ತಂದದ್ದು, ಇದು ನಮ್ಮಪ್ಪ ಕೈಯಾರೆ ಮಾಡಿದ್ದು ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಹಿರಿಯರು ದೋಣಿಯ ಪಕ್ಕದಲ್ಲಿ ನಿಂತು ಅದನ್ನು ಮಾಡಿದ ಬಗೆ ಹೇಳಿದರು. ಅಂತರಸಂತೆಯ ಆಚೆ ಅವರ ಊರು. ಕಬಿನಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ಏರಿದಾಗ ಜಮೀನಿನ ಒಂದು ಪಾಲು ಮುಳುಗಿತು, ಎತ್ತರದ ಪಾಲು ಆಚೆ ದಡದಲ್ಲಿ ಉಳಿಯಿತು. ಬಳಸಿಕೊಂಡು ಹೋಗಲು ಆನೆ ಓಡಾಡುವ ಕಾಡುದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮುಳುಗಲಿದ್ದ ಹಿತ್ತಲಿನ ಹೆಬ್ಬಲಸಿನ ಮರವನ್ನು ಮೊದಲೇ ಕಡಿದು ಕುಯ್ಯಿಸಿ ಇಟ್ಟಿದ್ದರಂತೆ. ವಯನಾಡಿನ ಕಡೆಯಿಂದ ಬಂದ ಒಬ್ಬ ದೋಣಿ ಆಚಾರಿಯ ಜೊತೆ ಕೂತು, ಹಲಗೆ ಬಗ್ಗಿಸುವುದು, ಸಂದಿಗೆ ಹತ್ತಿ ತುರುಕಿ ಗೇರೆಣ್ಣೆ ಬಳಿಯುವುದು ಎಲ್ಲ ಕಲಿತು ತಾವೇ ಮಾಡಿದರು. ಸುತ್ತಿನ ಊರಿನಲ್ಲೆಲ್ಲ ಹರಿಗೋಲು ಇದ್ದಾಗ ಹಲಗೆ ದೋಣಿ ಇದ್ದದ್ದು ಅವರೊಬ್ಬರ ಮನೆಯಲ್ಲಿ. ಮಾತಾಡುತ್ತ ಅವರ ಕೈ ದೋಣಿಯ ಬೆನ್ನಿನ ಮೇಲೆ ಸರಿದು ತಳದ ನಡುವೆ ಇದ್ದ ದೊಡ್ಡ ಜಿಂಕ್ ತಗಡಿನ ತೇಪೆಯ ಮೇಲೆ ನಿಂತಿತು.

"ಇದನ್ನ ಮಾತ್ರ ಮುಟ್‌ಬ್ಯಾಡ ಕಣವ್ವ," ಎಂದರು. "ಮೇಲೇ ಡಾಂಬರು ಬಳ್ದುಬುಡು. ಅದು ನನ್ನ ಕೈಕೆಲ್ಸ."

ಆಗಲಿ ಎಂದೆ. ಅವರು ಕ್ಯಾಂಟರಿನಲ್ಲಿ ಹೋಗಿ ಕೂತ ಮೇಲೆ ಮಗ ಹಿಂದೆ ಉಳಿದು ಇನ್ನೊಂದು ವಿಷಯ ಹೇಳಿದರು. ಅವರ ತಾಯಿ ತೀರಿಕೊಂಡದ್ದು ಈ ದೋಣಿಯಿಂದಲೇ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಚೆ ದಡದಿಂದ ಅವರೆಕಾಯಿ ಕಿತ್ತು ತರುವಾಗ ದೋಣಿ ನೀರೊಳಗಿನ ಮರದ ಮೋಟಿಗೆ ಹೊಡೆದು ತಳ ಒಡೆಯಿತು. ಹುಟ್ಟು ಹಾಕುತ್ತಿದ್ದವರು ಅಣ್ಣ, ಮನೆಯ ಹಿರೀಮಗ. ಅವರು ಈಜಿ ದಡ ಸೇರಿದರು. ತಾಯಿಯ ಸೀರೆ ಮುಳುಗಿದ ಮರದ ಕೊಂಬೆಗೆ ಸುತ್ತಿಕೊಂಡಿತ್ತು, ಹೆಣ ಸಿಕ್ಕಿದ್ದು ಮಾರನೆಯ ದಿನ. ತಂದೆ ಹಿರೀಮಗನನ್ನು ಅವತ್ತಿನಿಂದ ಮಾತಾಡಿಸಿಲ್ಲ. ತಾಯಿಯ ಗುಂಡಿಗೆ ಮಣ್ಣು ಹಾಕಲೂ ಬಿಡಲಿಲ್ಲ. ಅವರು ಊರು ಬಿಟ್ಟು ಕೃಷ್ಣರಾಜನಗರದ ಹತ್ತಿರ ಒಂದು ಆಲೆಮನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದರು.

ಅಂಥ ದೋಣಿಯನ್ನು ಮನೆಯೊಳಗೆ ಯಾಕೆ ತರುತ್ತೀರಿ ಎಂದು ಕೇಳದೆ ಇರಲು ನನಗೆ ಆಗಲಿಲ್ಲ. ನೆಂಟರೆಲ್ಲ ಇದನ್ನೇ ಕೇಳುತ್ತಾರೆ ಎಂದರು ಅವರು. ತಂದೆಗೆ ಈಗ ಒಬ್ಬರೇ ಇರಲು ಆಗದು. ಆದರೆ ದೋಣಿ ಬಿಟ್ಟು ಬರಲು ಒಪ್ಪುವುದಿಲ್ಲ. ಕೊಟ್ಟಿಗೆಯಲ್ಲಿ ಬಿಟ್ಟರೆ ಯಾರಾದರೂ ಒಡೆದು ಸೌದೆ ಮಾಡುತ್ತಾರೆ ಎಂಬ ಭಯ. ಹಾಗಾಗಿ ಚೆಂದ ಮಾಡಿ ಗೋಡೆಗೆ ಹಾಕಿದರೆ ಎರಡೂ ಆಯಿತು ಎಂದು ಅವರ ಲೆಕ್ಕ. ಆಮೇಲೆ ಮೆಲ್ಲಗೆ, ಆ ತಗಡು ಕಿತ್ತು ಅದೇ ಮರದ ಹಲಗೆ ಹಾಕಿಬಿಡಿ, ಅಪ್ಪನಿಗೆ ಕಣ್ಣು ಮಂಜು, ಗೊತ್ತಾಗುವುದಿಲ್ಲ ಎಂದರು. ಹಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಜಿಂಕ್ ತಗಡು ಅವರಿಗೆ ಬೇಡವಾಗಿತ್ತು. ಕೆಲಸ ಕೊಟ್ಟವರು ಅವರು. ಒಪ್ಪಿಕೊಂಡೆ.

ಮೊದಲ ಕೆಲಸ ಗೆದ್ದಲು. ಹಿಂದಿನ ಮೂತಿಯ ಒಳಗೆ ಗೂಡಿತ್ತು. ಕಡ್ಡಿಯಿಂದ ಮಣ್ಣು ಕೆದಕಿ, ಸಿರಿಂಜಿನಲ್ಲಿ ಔಷಧಿ ತುಂಬಿ ಒಂದೊಂದೇ ತೂತಿಗೆ ಬಿಟ್ಟು, ಪ್ಲಾಸ್ಟಿಕ್ ಹೊದಿಸಿ ಕಟ್ಟಿದೆ. ಒಳಗಿನ ಅಡ್ಡಮರಗಳಲ್ಲಿ ಎರಡು ಟೊಳ್ಳಾಗಿದ್ದವು. ಅವುಗಳಿಗೆ ಪಕ್ಕದಲ್ಲಿ ತೇಗದ ಪಟ್ಟಿ ಕೊಟ್ಟು ಬೋಲ್ಟು ಹಾಕಿದೆ. ಉಳಿದ ಮರ ಗಟ್ಟಿಯಿತ್ತು. ಡಾಂಬರಿನ ಪದರ ಕೆರೆದಲ್ಲೆಲ್ಲ ಕೆಳಗಿನಿಂದ ಜೇನಿನ ಬಣ್ಣದ ಹೆಬ್ಬಲಸು ಬಂತು. ಹಿರಿಯರು ಕೂರಿಸಿದ್ದ ಸಂದಿಗಳು ಇಷ್ಟು ವರ್ಷದ ಮೇಲೂ ಉಗುರು ಹೋಗದಷ್ಟು ಬಿಗಿಯಾಗಿದ್ದವು. ಒಳ್ಳೆ ಕೆಲಸಗಾರನ ಕೈ ಅದು ಎಂದುಕೊಂಡೆ.

ತಗಡನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೀಟ್ ಗನ್ನಿನಿಂದ ಡಾಂಬರು ಮೆತ್ತಗೆ ಮಾಡಿ, ಸುತ್ತಲಿನ ಮೊಳೆ ಒಂದೊಂದೇ ಎಬ್ಬಿಸಿ, ಜಿಂಕ್ ಹಾಳೆಯನ್ನು ಎತ್ತಿದೆ. ಕೆಳಗೆ ತೂತು ಇತ್ತು. ಎರಡು ಅಂಗೈ ಇಟ್ಟರೂ ಮುಚ್ಚದಷ್ಟು ದೊಡ್ಡದು. ಆದರೆ ತೂತಿನ ಅಂಚಿಗೆ ಇನ್ನೊಂದು ತಗಡು ಅಂಟಿಕೊಂಡಿತ್ತು. ಇದು ಹಳೇ ಎಣ್ಣೆ ಡಬ್ಬ ಕತ್ತರಿಸಿದ್ದು. ತುಕ್ಕಿನ ನಡುವೆ ಡಬ್ಬದ ಬಣ್ಣ ಅಲ್ಲಲ್ಲಿ ಉಳಿದಿತ್ತು. ಅದು ನಡುವೆ ಹರಿದುಹೋಗಿತ್ತು. ಒಂದು ಬದಿಯ ಮೊಳೆಗಳು ಇನ್ನೂ ಹಿಡಿದಿದ್ದವು, ಇನ್ನೊಂದು ಬದಿ ಹಲಗೆಯ ಜೊತೆಗೇ ಕಿತ್ತು ಹೋಗಿತ್ತು. ತಗಡಿನ ಹಿಂದೆ ಡಾಂಬರಿನಲ್ಲಿ ಅದ್ದಿದ ಗೋಣಿಚೀಲದ ತುಂಡು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಆಮೇಲೆ ತೂತಿನ ಅಂಚನ್ನು ಬೆರಳಿನಿಂದ ಒತ್ತಿದೆ. ನೀರಿನಲ್ಲಿ ನೆನೆದ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರಿತು. ಮೊಳೆಗಳ ಸುತ್ತ ಮರ ಕಪ್ಪಾಗಿ ಕೊಳೆತಿತ್ತು. ಕೆಳಗಿನಿಂದ ಮೋಟು ಹೊಡೆದಿದ್ದರೆ ಹಲಗೆಯ ಎಳೆಗಳು ಒಳಮುಖವಾಗಿ ಸಿಗಿದು ನಿಂತಿರಬೇಕು, ಮೇಲಿನ ಅಡ್ಡಮರಕ್ಕೆ ಏಟಿನ ಗುರುತು ಇರಬೇಕು. ಟಾರ್ಚ್ ಹಿಡಿದು ಒಳಗೆ ತೂರಿ ಮಲಗಿ ನೋಡಿದೆ. ಸಿಗಿದ ಎಳೆ ಒಂದೂ ಇರಲಿಲ್ಲ, ಅಡ್ಡಮರದ ಮೇಲೆ ಒಂದು ಗೀರೂ ಇರಲಿಲ್ಲ. ಆ ಹಲಗೆ ಒಡೆದದ್ದಲ್ಲ. ಕೊಳೆತು ಬಿದ್ದದ್ದು. ಕೊಳೆಯುತ್ತಿದೆ ಎಂದು ಗೊತ್ತಿದ್ದ ಯಾರೋ ಅದು ಬೀಳುವ ಮೊದಲೇ ಗೋಣಿ ತುಂಡು, ಡಬ್ಬದ ತಗಡು ಹಾಕಿ ತೇಪೆ ಹಾಕಿದ್ದರು. ಬಿದ್ದ ಮೇಲೆ ಅದರ ಮೇಲೆ ದೊಡ್ಡ ತಗಡು ಹೊಡೆದು ಎರಡನ್ನೂ ಮುಚ್ಚಿದ್ದರು.

ಆ ದೋಣಿಯ ಕೆಲಸ ಬಲ್ಲವರು ಆ ಮನೆಯಲ್ಲಿ ಒಬ್ಬರೇ.

ವ್ಯಾಪಾರಿಗೆ ಫೋನ್ ಮಾಡಿ ಬರಲು ಹೇಳಿದೆ. ಬಂದರು. ಎರಡೂ ತಗಡು ಮುಂದಿಟ್ಟು, ಅಂಚು ಉದುರಿಸಿ ತೋರಿಸಿ, ನನಗೆ ಕಂಡದ್ದನ್ನು ಹೇಳಿದೆ. ಅವರು ವಾದ ಮಾಡಲಿಲ್ಲ. ತೂತಿನ ಮೂಲಕ ಶೆಡ್ಡಿನ ನೆಲವನ್ನು ನೋಡುತ್ತ ನಿಂತಿದ್ದರು. ಅಪಘಾತ ಆದಾಗ ತಾವು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದುದಾಗಿ, ಊರಿಗೆ ಬಂದಾಗ ಅಪ್ಪ ಹೇಳಿದ್ದಕ್ಕೆ ಅಣ್ಣನೂ ಎದುರು ಹೇಳದೆ ಇದ್ದುದರಿಂದ ನಂಬಿದ್ದಾಗಿ ಹೇಳಿದರು. ಆಮೇಲೆ ತಗಡುಗಳನ್ನು ನನ್ನ ಕಡೆ ಸರಿಸಿ, "ಹಲಗೆ ಹಾಕಿ ಮುಚ್ಚಿಬುಡಿ ಅಕ್ಕ," ಎಂದರು. "ಅಪ್ಪಂಗೆ ಈ ವಯಸ್ಸಲ್ಲಿ ಇದು ಬ್ಯಾಡ. ಅಣ್ಣನೂ ಅಂಗೇ ಅಡ್ಜಸ್ಟ್ ಆಗವ್ನೆ."

ಅವರು ಹೋದ ಮೇಲೆ, ನನ್ನ ಜೊತೆ ಕೆಲಸ ಮಾಡುವ ವೆಲ್ಡರ್ ಕೂಡ ಅದನ್ನೇ ಹೇಳಿದ. ಒಬ್ಬರ ಮನೆ ವಿಷಯ, ನಮಗೆ ಯಾಕಕ್ಕ, ಕೆಲಸ ಮುಗಿಸಿ ಕೈ ತೊಳೆಯೋಣ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಆ ವಾರ ದೋಣಿಯನ್ನು ಬಿಟ್ಟು ಪಿರಿಯಾಪಟ್ಟಣದ ಮನೆಯ ಗೋಡೆಗೆ ಕೈ ಹಾಕಿದೆವು. ಅಲ್ಲೂ ನೆಟ್ಟಗಾಗಲಿಲ್ಲ. ಗೋಡೆ ಹಾಲೋ ಬ್ಲಾಕಿನದು. ಡ್ರಿಲ್ ಇಟ್ಟ ಕೂಡಲೇ ಅದರ ಮೊನೆ ಒಳಗಿನ ಟೊಳ್ಳಿಗೆ ಜಾರಿತು. ಆ್ಯಂಕರ್ ಬೋಲ್ಟು ಬಿಗಿ ಮಾಡುತ್ತಿದ್ದ ಹಾಗೆ ಬ್ಲಾಕಿನ ಮುಖವೇ ಕಳಚಿ ಕೈಗೆ ಬಂತು. ದೋಣಿಯ ಭಾರಕ್ಕೆ ಆ ಗೋಡೆ ನಿಲ್ಲುವ ಮಾತೇ ಇರಲಿಲ್ಲ. ಎರಡು ಪಕ್ಕದ ಕಾಂಕ್ರೀಟ್ ಪಿಲ್ಲರು, ಮೇಲಿನ ಬೀಮು, ಇವನ್ನು ಹಿಡಿದು ಕಬ್ಬಿಣದ ಚಾನೆಲ್ಲಿನ ಚೌಕಟ್ಟು ಮಾಡಿ, ಅದರಿಂದ ದೋಣಿಗೆ ಮೂರು ಕಡೆ ತೊಟ್ಟಿಲಿನಂಥ ಆಧಾರ ಕೊಡುವುದೆಂದು ತೀರ್ಮಾನಿಸಿದೆವು. ಗೋಡೆಗೆ ಭಾರ ತಾಗುವುದೇ ಇಲ್ಲ, ನೋಡುವವರಿಗೆ ಗೋಡೆಯೇ ಹೊತ್ತಂತೆ ಕಾಣುತ್ತದೆ. ದೋಣಿಯ ಹೊಟ್ಟೆಯ ಬಾಗನ್ನು ರಟ್ಟಿನಲ್ಲಿ ತೆಗೆದುಕೊಂಡು ಬಂದು, ಅದೇ ಬಾಗಿಗೆ ಪಟ್ಟಿ ಬಗ್ಗಿಸಿ, ಮರಕ್ಕೆ ಕಬ್ಬಿಣ ತಾಗದ ಹಾಗೆ ಹಳೇ ಟ್ಯೂಬಿನ ರಬ್ಬರು ಅಂಟಿಸಿದೆವು. ಹಾಲಿನ ಎದುರಿಗೇ ಹಿರಿಯರಿಗೆಂದು ಕಟ್ಟಿದ ಕೋಣೆ. ಬಾಗಿಲು ತೆಗೆದಿದ್ದರೆ ಮಂಚದಿಂದ ನೇರ ಆ ಗೋಡೆ ಕಾಣುತ್ತದೆ. ಇನ್ನು ಮುಂದೆ ಅವರು ದಿನ ಬೆಳಗಾದರೆ ನೋಡುವುದು ಇದನ್ನೇ ಎಂಬುದು ಚೌಕಟ್ಟು ಕೂರಿಸುವಾಗ ನನ್ನ ಮನಸ್ಸಿಗೆ ಬರುತ್ತಲೇ ಇತ್ತು.

ಹುಣಸೂರಿಗೆ ವಾಪಸು ಬಂದು ಹಲಗೆ ಕೈಗೆತ್ತಿಕೊಂಡೆ. ಬಿಚ್ಚಿದ ಹಳೇ ಮನೆಯೊಂದರ ಹೆಬ್ಬಲಸಿನ ತುಂಡು ಸಿಕ್ಕಿತ್ತು. ಬಣ್ಣ, ಎಳೆ ಎರಡೂ ಸರಿಯಾಗಿ ಕೂಡುತ್ತಿದ್ದವು. ಹಬೆ ಕೊಟ್ಟು ಬಗ್ಗಿಸಿ, ರಂದ ಹಾಕಿ ತಯಾರು ಮಾಡಿದೆ. ಆದರೆ ಹೊಸ ಹಲಗೆ ಕೊಳೆತ ಅಂಚಿನ ಮೇಲೆ ಕೂರುವುದಿಲ್ಲ. ಗಟ್ಟಿ ಮರ ಸಿಗುವ ತನಕ ಅಂಚನ್ನು ಕತ್ತರಿಸಿ ತೂತನ್ನು ಚೌಕ ಮಾಡಬೇಕು. ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗರಗಸ ಇಟ್ಟೆ. ಇಟ್ಟ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಆ ಗೆರೆಯ ಒಳಗಿದ್ದ ಕಪ್ಪು ಮರ ಒಂದೇ ಆ ದಿನ ಏನಾಯಿತು ಎಂದು ಹೇಳುವುದು. ನಾನು ಅದನ್ನು ಕತ್ತರಿಸಿ ಹೊಟ್ಟಿನ ಜೊತೆ ಗುಡಿಸಿ ಹಾಕಿದರೆ ಆ ಮನುಷ್ಯ ಸಾಯುವ ತನಕ ತಾಯಿಯನ್ನು ಮುಳುಗಿಸಿದ ಮಗನಾಗಿಯೇ ಇರುತ್ತಾನೆ. ಮುಚ್ಚುವುದಿದ್ದರೂ ಅವನು ಒಮ್ಮೆ ನೋಡಿದ ಮೇಲೆ ಮುಚ್ಚಬೇಕು ಅನ್ನಿಸಿತು. ಗರಗಸ ಕೆಳಗಿಟ್ಟು, ಎರಡು ತಗಡನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಕೃಷ್ಣರಾಜನಗರದ ಬಸ್ ಹತ್ತಿದೆ.

ವಿಚಾರಿಸಿಕೊಂಡು ಹೋದರೆ ಆಲೆಮನೆ ಊರಿನ ಹೊರಗೆ, ಕಬ್ಬಿನ ಗದ್ದೆಗಳ ನಡುವೆ. ಹಿರೀಮಗ ಕೊಪ್ಪರಿಗೆಯ ಒಲೆಗೆ ಒಣಗಿದ ಸಿಪ್ಪೆ ನೂಕುತ್ತಿದ್ದರು. ಐವತ್ತು ದಾಟಿರಲಾರದು, ನೋಡಲು ಅರವತ್ತೈದರ ಹಾಗಿದ್ದರು. ತಮ್ಮನ ಹೊಸ ಮನೆಯ ಗೋಡೆಗೆ ಹಾಕುವ ದೋಣಿಯ ಕೆಲಸ ಮಾಡುತ್ತಿರುವವಳು ಎಂದು ಪರಿಚಯ ಹೇಳಿಕೊಂಡೆ. ದೋಣಿ ಎಂದ ಕೂಡಲೇ ಸಿಪ್ಪೆಯ ಕಂತೆ ಕೆಳಗಿಟ್ಟರು. ಕಬ್ಬಿನ ರಾಶಿಯ ನೆರಳಿನಲ್ಲಿ ಕೂತು ತಗಡುಗಳನ್ನು ತೆಗೆದು ಕೊಟ್ಟೆ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು, ಕೆಳಗಿನದು ಹೇಗೆ ಹರಿದಿದೆ ಎಲ್ಲ ಹೇಳಿದೆ. ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದೆ. ಅವರು ಡಬ್ಬದ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಉಳಿದ ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಈ ಡಬ್ಬ ನಮ್ಮನೇದೇ," ಎಂದರು. "ಅವ್ವ ಇದ್ರಲ್ಲಿ ರಾಗಿಹಿಟ್ಟು ಮಡಗ್ತಿದ್ಲು."

ಕೇಳಿದ್ದಕ್ಕೆ ಸಣ್ಣದಾಗಿ ಹೇಳಿದರು. ನೀರು ಕೆಳಗಿನಿಂದ ಒಮ್ಮೆಗೇ ನುಗ್ಗಿತು ಎಂದು ದಡಕ್ಕೆ ಬಂದ ಕೂಡಲೇ ಹೇಳಿದ್ದರಂತೆ. ಅಪ್ಪ ಎಲ್ಲರೆದುರು ಕೆನ್ನೆಗೆ ಹೊಡೆದು, ನಾನು ಮಾಡಿದ ದೋಣಿ ತಾನಾಗಿ ಒಡೆಯುವುದಿಲ್ಲ, ಎಲ್ಲೋ ನೋಡಿಕೊಂಡು ಮೋಟಿಗೆ ಹೊಡೆದಿದ್ದೀಯ ಎಂದರು. ಎರಡು ಮೂರು ಸಲ ಹೇಳಿ ನೋಡಿ ಬಿಟ್ಟುಬಿಟ್ಟರಂತೆ. ನಾನು ಹೊಸ ಹಲಗೆಯ ವಿಷಯ ಹೇಳಿ, ಅದನ್ನು ಹಾಕುವುದೋ ಬೇಡವೋ ಎಂದು ಕೇಳಿದೆ. ದೋಣಿಯನ್ನು ಗೋಡೆಗೆ ಎತ್ತುವುದು ಯಾವತ್ತು ಎಂದು ಮಾತ್ರ ಕೇಳಿದರು. ದಿನ ಹೇಳಿದೆ. ತಗಡನ್ನು ನನಗೆ ವಾಪಸು ಕೊಟ್ಟು ಒಲೆಯ ಕಡೆ ಹೋದರು.

ನಾನು ಹೋಗಿ ಬಂದ ಸುದ್ದಿಯನ್ನು ವ್ಯಾಪಾರಿಗೆ ನಾನೇ ಹೇಳಿದೆ. ಅವರು ಸಿಟ್ಟಾದರು. ನಿಮಗೆ ಕೊಟ್ಟದ್ದು ಮರದ ಕೆಲಸ, ಮನೆ ಒಡೆಯುವ ಕೆಲಸ ಅಲ್ಲ ಎಂದರು. ದೋಣಿಯನ್ನು ಹಾಗೇ ವಾಪಸು ತೆಗೆದುಕೊಂಡು ಹೋಗಬಹುದು ಎಂದೆ. ಫೋನ್ ಇಟ್ಟರು. ಎರಡು ದಿನ ಬಿಟ್ಟು ಶೆಡ್ಡಿನ ಮುಂದೆ ಕಾರು ನಿಂತಿತು. ಇಳಿದವರು ಹಿರಿಯರು. ತಗಡು ಕಿತ್ತದ್ದನ್ನು ಹೇಳಿ ಕರೆತಂದ ಕಿರೀಮಗ ಕಾರಿನಲ್ಲೇ ಕೂತಿದ್ದರು.

ಹಿರಿಯರು ನನ್ನ ಕಡೆ ನೋಡಲಿಲ್ಲ. ನೇರ ದೋಣಿಯ ಹತ್ತಿರ ಹೋಗಿ, ಕಣ್ಣಿಗಿಂತ ಹೆಚ್ಚು ಕೈಯನ್ನೇ ನಂಬಿದವರ ಹಾಗೆ ಹಲಗೆ ತಡವುತ್ತ ತಡವುತ್ತ ತೂತಿನ ಅಂಚಿಗೆ ಬಂದರು. ಪುಡಿ ಬೆರಳಿಗೆ ಮೆತ್ತಿಕೊಂಡಿತು. ನಾನು ಸ್ಟೂಲ್ ಕೊಟ್ಟೆ. ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

ಆ ವರ್ಷ ಮಳೆಗಾಲದಲ್ಲೇ ಹಲಗೆ ಮೆತ್ತಗಾದದ್ದು ತಮಗೆ ಕಂಡಿತ್ತು ಎಂದರು. ಬದಲಾಯಿಸಬೇಕಾದರೆ ದೋಣಿಯನ್ನು ಮೇಲೆ ಎಳೆದು ಅರ್ಧ ತಳ ಬಿಚ್ಚಬೇಕು. ಹೊಗೆಸೊಪ್ಪನ್ನು ಗೂಡಿನಲ್ಲಿ ಬೇಯಿಸಿ ಹದ ಮಾಡುವ ಕಾಲ, ಬಿಡುವಿರಲಿಲ್ಲ. ಒಂದು ಬೆಳೆ ಕಳೆಯಲಿ ಎಂದು ತೇಪೆ ಹಾಕಿದರು. ಮಗನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ನೀರಿಗೆ ಇಳಿಸುತ್ತಿರಲಿಲ್ಲ. ಆ ದಿನ ಹೋಗಬೇಕಾಗಿದ್ದವರು ತಾವು. ಮೈಗೆ ಹುಷಾರಿಲ್ಲವೆಂದು ಅವರಿಬ್ಬರನ್ನು ಕಳಿಸಿದರು. ನೀರು ಇಳಿದ ಮೇಲೆ ದೋಣಿಯನ್ನು ಒಬ್ಬರೇ ಎತ್ತಿನಲ್ಲಿ ಎಳೆಸಿಕೊಂಡು ಬಂದು ಕೊಟ್ಟಿಗೆಗೆ ಹಾಕಿ ದೊಡ್ಡ ತಗಡು ಹೊಡೆದರು.

ಹಾಗಾದರೆ ಮಗನ ಮೇಲೆ ಯಾಕೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

"ನಾನು ಮಾಡಿದ್ದು ಅವಳ್ನ ತಿಂತು ಅಂತ ನನ್ನ ಬಾಯಲ್ಲಿ ಎಂಗೆ ಏಳ್ಲವ್ವ. ಅವನು ಎಳೇನು. ತಡ್ಕತಾನೆ ಅನ್ಕಂಡೆ."

ಇಷ್ಟು ಹೇಳಿ ಅವರು ಅಲ್ಲೇ ಕೂತಿದ್ದರು. ಅವರ ಮೇಲೆ ಕನಿಕರವೂ ಹುಟ್ಟಲಿಲ್ಲ, ಸಿಟ್ಟೂ ಹುಟ್ಟಲಿಲ್ಲ. ಪಕ್ಕದಲ್ಲಿ ತಯಾರಾಗಿ ಒರಗಿದ್ದ ಹಲಗೆಯನ್ನು ತೋರಿಸಿ, ಇದನ್ನು ಹಾಕಲೇ ಎಂದು ಕೇಳಿದೆ. ಅವರು ಅದನ್ನು ಮುಟ್ಟಿ ನೋಡಿ, ಒಳ್ಳೆ ಮರ ಎಂದರು. ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬೇಡ ಎಂದು ತೀರ್ಮಾನ ಮಾಡಿದವಳು ನಾನು. ಕೊಳೆತ ಅಂಚಿಗೆ ಇನ್ನಷ್ಟು ಉದುರದ ಹಾಗೆ ತೆಳು ಅಂಟು ಕುಡಿಸಿ, ಇಡೀ ದೋಣಿಗೆ ಅಗಸೆಎಣ್ಣೆ ಒರೆಸಿ, ತೂತನ್ನು ತೂತಾಗಿಯೇ ಬಿಟ್ಟೆ. ತೂತು ಹೀಗೇ ಇರುತ್ತದೆ, ಹಿಂದಿನ ಲೈಟಿನ ಪಟ್ಟಿ ಮಾತ್ರ ಬೇಡ ಎಂದು ವ್ಯಾಪಾರಿಗೆ ಹೇಳಿದೆ. ಹಿಂದೆ ಬೆಳಕಿಟ್ಟರೆ ಬೆಳಕೆಲ್ಲ ಆ ತೂತಿನಿಂದಲೇ ಬರುತ್ತಿತ್ತು. ಅವರು ಆಗಲಿ ಎಂದರು. ಆಮೇಲೆ ಅವರು ನನ್ನೊಡನೆ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಎತ್ತುವ ದಿನ ಬೆಳಿಗ್ಗೆ ನಾವು ಪಿರಿಯಾಪಟ್ಟಣ ತಲುಪಿದಾಗ ಹಿರೀಮಗ ಗೇಟಿನ ಹೊರಗೆ ನಿಂತಿದ್ದರು. ಒಳಗಿನಿಂದ ಯಾರೂ ಕರೆದಿರಲಿಲ್ಲ. ಕರೆಯುತ್ತಾರೆ ಎಂದು ಅವರು ಕಾದಿದ್ದ ಹಾಗೂ ಕಾಣಲಿಲ್ಲ. ಆಳು ಒಬ್ಬ ಕಡಿಮೆ ಇದ್ದಾನೆ, ಕೈ ಕೊಡಿ ಎಂದೆ. ಆಳು ಕಡಿಮೆ ಇರಲಿಲ್ಲ. ಅವರು ಟವೆಲ್ ತಲೆಗೆ ಕಟ್ಟಿಕೊಂಡು ಒಳಗೆ ಬಂದರು. ವ್ಯಾಪಾರಿ ನೋಡಿ, ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ಹಿರಿಯರು ಹಾಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಯಾರು ಬಂದರು ಎಂದು ಅವರಿಗೆ ತಿಳಿಯಿತೋ ಇಲ್ಲವೋ, ತಲೆ ಎತ್ತಲಿಲ್ಲ.

ಕೊಳವೆಗಳ ಅಟ್ಟಣೆ ಕಟ್ಟಿ, ಅದರಿಂದ ಎರಡು ಚೈನ್ ಪುಲ್ಲಿ ಇಳಿಬಿಟ್ಟು, ದೋಣಿಗೆ ಅಗಲ ಪಟ್ಟಿಯ ಬೆಲ್ಟು ಸುತ್ತಿದೆವು. ಎರಡು ಚೈನನ್ನೂ ಒಂದೇ ಸಮ ಎಳೆಯಬೇಕು, ಒಂದು ಕಡೆ ಮುಂದಾದರೆ ಇನ್ನೊಂದು ಕಡೆ ಜಾರುತ್ತದೆ. ಎದೆಯೆತ್ತರಕ್ಕೆ ಬಂದಾಗ ಒಳಗಿನಿಂದ ಮರ ಚಟ್ಟೆಂದಿತು. ನಾನು ಬಲಪಡಿಸಿದ್ದ ಅಡ್ಡಮರವಲ್ಲ, ಅದರ ಪಕ್ಕದ್ದು ಬಿರಿದಿತ್ತು. ದೋಣಿ ಬೆಲ್ಟಿನಲ್ಲಿ ಹೊರಳಿ ಹಿಂದಿನ ಮೂತಿ ಕೆಳಕ್ಕೆ ಬಾಗಿತು. ವೆಲ್ಡರ್ ಕೂಗಿ ಚೈನ್ ಹಿಡಿದ. ಹಿರೀಮಗ ಅದರ ಕೆಳಗೆ ತೂರಿ ಹೆಗಲು ಕೊಟ್ಟರು. ತೂತು ಅವರ ಕೆನ್ನೆಯ ಪಕ್ಕದಲ್ಲೇ ಇತ್ತು. ಬೆಲ್ಟು ಸರಿಪಡಿಸಿ, ಹೆಚ್ಚಿನ ಪಟ್ಟಿ ಕಟ್ಟುವ ತನಕ ಅವರು ಅಲುಗಾಡದೆ ನಿಂತಿದ್ದರು. ಆಮೇಲೆ ದೋಣಿ ತೊಟ್ಟಿಲಿನ ಆಧಾರಗಳ ಮೇಲೆ ಮೆಲ್ಲಗೆ ಕೂತಿತು. ಬೋಲ್ಟುಗಳನ್ನು ಒಂದೊಂದೇ ಬಿಗಿದೆವು. ಅಟ್ಟಣೆ ಬಿಚ್ಚಿದಾಗ ಹೊಟ್ಟೆ ನಮ್ಮ ಕಡೆ ಮಾಡಿಕೊಂಡು ದೋಣಿ ಗೋಡೆಯುದ್ದಕ್ಕೂ ನಿಂತಿತ್ತು. ಎಣ್ಣೆ ಕುಡಿದ ಮರ ಹೊಳೆಯುತ್ತಿತ್ತು, ನಡುವೆ ಕಪ್ಪು ಅಂಚಿನ ತೂತು. ಚೆಂದವಿತ್ತು ಎಂದು ಹೇಳಲು ಆಗದು. ಚೆಂದವಿರಲಿಲ್ಲ ಎಂದು ಹೇಳಲೂ ಆಗದು.

ಮನೆಯ ಹೆಂಗಸರು, ಗಾರೆಯವರು, ನಮ್ಮವರು ಎಲ್ಲ ಸೇರಿ ನೋಡುತ್ತ ನಿಂತಿದ್ದರು. ಹಿರೀಮಗ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಾಗಿಲಿನ ಕಡೆ ಹೆಜ್ಜೆ ಇಟ್ಟರು. ಆಗ ಕುರ್ಚಿಯಿಂದ ಮಾತು ಬಂತು. ಗೋಡೆಯ ಕಡೆ ನೋಡಿಕೊಂಡೇ ಹಿರಿಯರು ಹೇಳಿದರು.

"ಮೋಟಿಗೆ ಒಡ್ದಿದ್ದಲ್ಲ. ಹಲಗೆ ಕೊಳ್ತಿತ್ತು. ನಂಗೆ ಗೊತ್ತಿತ್ತು."

ಕಿರೀಮಗನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿರೀಮಗ ಬಾಗಿಲಲ್ಲಿ ನಿಂತು, ತಂದೆಯ ತಲೆಯ ಹಿಂಭಾಗವನ್ನು ಸ್ವಲ್ಪ ಹೊತ್ತು ನೋಡಿದರು. ಹತ್ತಿರ ಹೋಗುತ್ತಾರೆ ಎಂದು ನಾವೆಲ್ಲ ಕಾದೆವು ಎಂದು ತೋರುತ್ತದೆ. ಅವರು ಹೋಗಲಿಲ್ಲ. "ಆಯ್ತು ಬುಡಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಕಿರೀಮಗ ಹಿಂದೆಯೇ ಹೋಗಿ, ಊಟ ಮಾಡಿಕೊಂಡು ಹೋಗು ಎಂದು ಕೈ ಹಿಡಿದರು. ಹಿರೀಮಗ ಕೈ ಬಿಡಿಸಿಕೊಂಡು, ಇನ್ನೊಂದು ದಿನ ಎಂದರು.

ನಾವು ಬಂದಿದ್ದ ವ್ಯಾನಿನಲ್ಲಿ ನಾನು ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಕೃಷ್ಣರಾಜನಗರದ ಬಸ್ ಇನ್ನೂ ಬಂದಿರಲಿಲ್ಲ. ವ್ಯಾನಿನ ನೆರಳಿನಲ್ಲಿ ನಿಂತುಕೊಂಡೆವು. ನಾನು ಮಾಡಿದ್ದು ಸರಿಯೋ ಅಲ್ಲವೋ ಎಂದು ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ. ಏನಾದರೂ ಹೇಳಬೇಕು ಎಂದು, ಇನ್ನಾದರೂ ನಿಮ್ಮ ಮನಸ್ಸಿಗೆ ಸಮಾಧಾನವಾಗಲಿ ಎಂದೆ.

ಅವರು ಅಂಗೈ ನೋಡಿಕೊಂಡರು. ಹುಟ್ಟು ಹಿಡಿದ ಹಾಗೆ ಎರಡೂ ಕೈ ಒಂದರ ಹಿಂದೆ ಒಂದು ಮಡಚಿ ಹಿಡಿದರು.

"ಮೋಟಿಗೆ ಒಡ್ದೆ ಅಂತ ಎಲ್ರೂ ಏಳಿ ಏಳಿ, ನಂಗೆ ಆ ಮೋಟು ನೆನಪಾಯ್ತದೆ ಕಣಮ್ಮ," ಎಂದರು. "ಒಡ್ದಿದ್ ಸದ್ದು ಕೇಳಿಸ್ತದೆ. ಕೈಗೆ ಜಗ್ಗಿದ್ದು ಈಗ್ಲೂ ಗೊತ್ತಾಯ್ತದೆ. ಇಲ್ದೇ ಇರೋ ಮೋಟು. ಈಗ ಅದನ್ನ ಎಲ್ಲಿ ಬುಡ್ಲಿ?"

ಬಸ್ ಬಂತು. ಜನ ಇಳಿಯುವ ತನಕ ಅವರು ಪಕ್ಕಕ್ಕೆ ನಿಂತಿದ್ದು, ಕೊನೆಯಲ್ಲಿ ಹತ್ತಿದರು.